ಕಾರಿನ ಬೆನ್ನು ಗೋಡೆಗಿರಲಿ

ಸಂಪಾದಕರಿಗೆ,

ಮಾನ್ಯರೇ,

ಹೋದ ತಿಂಗಳು ನೆಂಟರ ಮದುವೆಗೆ ಒಂದು ಛತ್ರಕ್ಕೆ ಹೋಗಿದ್ದೆ. ಗೇಟು ದಾಟಿದ ಕೂಡಲೇ ಕಾಂಪೌಂಡಿನ ಮೇಲೆ ಕೆಂಪು ಪೇಂಟಿನಲ್ಲಿ ದಪ್ಪಗೆ ಬರೆದಿತ್ತು: ‘ಕಾರಿನ ಮುಂಭಾಗ ಗೋಡೆ ಕಡೆ ಇರಲಿ. ರಿವರ್ಸ್ ಪಾರ್ಕಿಂಗ್ ಮಾಡಬಾರದು.’ ಅಭ್ಯಾಸಬಲದಿಂದ ನಾನು ಹಿಂದಕ್ಕೆ ಬಿಡಲು ಹೋದೆ. ವಾಚ್‌ಮನ್ ಓಡಿ ಬಂದು ಡಿಕ್ಕಿಗೆ ತಟ್ಟಿದ. ‘ಸಾರ್, ಮೂತಿ ಒಳಗೆ ಹಾಕಿ’ ಅಂದ. ಮದುವೆ ಮನೆಯಲ್ಲಿ ಜಗಳ ಯಾಕೆ ಅಂತ ಹಾಕಿದೆ. ಊಟ ಆದ ಮೇಲೆ ಆಗಬಾರದ್ದು ಆಗುವುದರಲ್ಲಿತ್ತು. ಅದಕ್ಕೇ ಈ ಪತ್ರ.

ಮೊದಲು ನನ್ನ ಬಗ್ಗೆ ಎರಡು ಮಾತು. ನಾನು 31 ವರ್ಷ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಜಾಸ್ತಿ ಓಡಾಡಿದ್ದು ಹಾಸನ–ಧರ್ಮಸ್ಥಳ ರೂಟಿನಲ್ಲಿ. ಕಂಡಕ್ಟರ್ ಅಂದರೆ ಟಿಕೆಟ್ ಹರಿದು ಚಿಲ್ಲರೆ ಕೊಡುವವನು ಅಂತ ಜನ ಅಂದುಕೊಂಡಿದ್ದಾರೆ. ಬಸ್ಸಿನ ಬೆನ್ನು ಕಾಯುವುದೂ ಅವನದೇ ಕೆಲಸ.

ನಮ್ಮ ಬಸ್ ನಿಲ್ದಾಣಗಳಲ್ಲಿ ಬಸ್ಸುಗಳು ಪ್ಲಾಟ್‌ಫಾರ್ಮಿಗೆ ಮೂತಿ ಇಟ್ಟು ನಿಲ್ಲುತ್ತವಲ್ಲ, ಅದರಿಂದ ಒಂದು ಅನುಕೂಲ ಇದೆ. ಊರಿನ ಬೋರ್ಡು ಮುಂದಿರುತ್ತೆ. ಬೆಂಚಿನ ಮೇಲೆ ಕೂತ ಅಜ್ಜಿಗೂ ಅದು ಕೂತಲ್ಲಿಂದಲೇ ಕಾಣುತ್ತೆ. ಆದರೆ ಹೊರಡುವಾಗ ಅಷ್ಟುದ್ದದ ಬಸ್ಸು ಜನರ ನಡುವೆ ಹಿಂದಕ್ಕೆ ಬರಬೇಕು. ಆಗ ನಾನು ಇಳಿದು ಹಿಂದೆ ಹೋಗಿ, ಡ್ರೈವರ್ ಕನ್ನಡಿಯಲ್ಲಿ ಕಾಣುವ ಹಾಗೆ ನಿಂತು ವಿಶಲ್ ಊದುತ್ತಿದ್ದೆ. ನಮ್ಮ ಲೆಕ್ಕ ಹೀಗಿತ್ತು: ವಿಶಲ್ ಕೇಳುತ್ತಿರುವಷ್ಟು ಹೊತ್ತು ಬಸ್ಸು ಬರಬೇಕು, ನಿಂತರೆ ಬ್ರೇಕು. ಯಾಕೆ ಗೊತ್ತಾ? ಅಕಸ್ಮಾತ್ ನಾನೇ ಎಡವಿ ಬಿದ್ದರೂ ವಿಶಲ್ ನಿಲ್ಲುತ್ತೆ, ಬಸ್ಸೂ ನಿಲ್ಲುತ್ತೆ. ಶಿರಾಡಿ ಘಾಟಿಯಲ್ಲಿ, ಜುಲೈ ಮಳೆಯಲ್ಲಿ, ಎದುರಿಗೆ ಲಾರಿ ಸಿಕ್ಕಿಹಾಕಿಕೊಂಡಾಗ ಹೀಗೇ ತಿರುವಿನವರೆಗೂ ಹಿಂದೆ ಬಂದಿದ್ದೇವೆ. ವಿಶಲ್‌ನೊಳಗೆ ನೀರು ಹೋಗಿ ಅದು ಗೊರಗೊರ ಅನ್ನುತ್ತಿತ್ತು.

ಬಸ್ಸು ಮೂತಿ ಇಟ್ಟು ನಿಲ್ಲಬಹುದು, ಯಾಕಂದ್ರೆ ಅದಕ್ಕೆ ಕಂಡಕ್ಟರ್ ಇದ್ದಾನೆ. ಕಾರಿಗೆ ಯಾರಿದ್ದಾರೆ?

ಆ ದಿನ ಊಟ ಮುಗಿದಾಗ ಎರಡು ಗಂಟೆ. ಕೈಯಲ್ಲಿ ತಾಂಬೂಲದ ಚೀಲ, ಹೊಟ್ಟೆಯಲ್ಲಿ ಎರಡು ಹೋಳಿಗೆ, ಕಣ್ಣಲ್ಲಿ ನಿದ್ದೆ. ಎಲ್ಲರೂ ಒಟ್ಟಿಗೇ ಹೊರಡುವವರು. ನನ್ನ ಕಾರಿನ ಎರಡೂ ಪಕ್ಕ ಎತ್ತರದ ದೊಡ್ಡ ಗಾಡಿಗಳು ನಿಂತಿದ್ದವು. ಕನ್ನಡಿ ನೋಡಿದೆ, ಕತ್ತು ತಿರುಗಿಸಿಯೂ ನೋಡಿದೆ, ಯಾರೂ ಇರಲಿಲ್ಲ. ನಿಧಾನವಾಗಿ ಹಿಂದಕ್ಕೆ ಬಿಟ್ಟೆ. ಹಿಂದಿನ ಗಾಜಿನಲ್ಲಿ ಒಂದು ಹಸಿರು ಬಲೂನು ಎಡಗಡೆಯಿಂದ ಬಲಗಡೆಗೆ ಹೋಗುತ್ತಿತ್ತು. ಬಲೂನು ಮಾತ್ರ, ತನ್ನಷ್ಟಕ್ಕೆ ತಾನೇ ತೇಲಿಕೊಂಡು ಹೋಗುವ ಹಾಗೆ. ಅರೆಗಳಿಗೆ ಸುಮ್ನೆ ನೋಡಿದೆ. ಬಲೂನಿಗೆ ದಾರ ಇರುತ್ತೆ, ದಾರಕ್ಕೆ ಒಂದು ಕೈ ಇರುತ್ತೆ ಅಂತ ಆಮೇಲೆ ಹೊಳೆಯಿತು. ಬ್ರೇಕ್ ತುಳಿದು ಇಳಿದು ನೋಡಿದರೆ, ಬಂಪರಿಗೆ ಒಂದು ಮೊಳ ದೂರದಲ್ಲಿ ಜರಿ ಲಂಗದ ಪುಟ್ಟ ಹುಡುಗಿ. ಮೂರು ವರ್ಷ ಇರಬಹುದು. ಅವಳಿಗೆ ನನ್ನ ಮೇಲೂ ಗಮನ ಇಲ್ಲ, ಕಾರಿನ ಮೇಲೂ ಇಲ್ಲ. ಬಲೂನು ನೋಡಿಕೊಂಡೇ ಮುಂದಕ್ಕೆ ಹೋದಳು. ನನ್ನ ಕಾಲು ನಡುಗುವುದು ನಿಲ್ಲಲು ಹತ್ತು ನಿಮಿಷ ಹಿಡಿಯಿತು.

ಕನ್ನಡದಲ್ಲಿ ಕಾರಿನ ಹಿಂಭಾಗಕ್ಕೂ ಡಿಕ್ಕಿ ಅನ್ನುತ್ತೇವೆ, ಗುದ್ದಿದರೂ ಡಿಕ್ಕಿ ಅನ್ನುತ್ತೇವೆ. ಸುಮ್ನೆ ಅಲ್ಲ ಅನ್ನಿಸಿತು.

ನನ್ನದು 2014ರ ವ್ಯಾಗನ್ ಆರ್. ಅದಕ್ಕೆ ಸೆನ್ಸರ್ ಇಲ್ಲ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಕಾರುಗಳಿಗೆ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯ ಮಾಡಿದ್ದಾರೆ. ಅಮೆರಿಕದಲ್ಲಂತೂ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಹಿಂದೆ ಕ್ಯಾಮೆರಾನೇ ಇರಬೇಕು. ಎರಡೂ ಒಳ್ಳೇದೇ. ಆದರೆ ಬಂಪರಿನ ಸೆನ್ಸರ್ ಬೆನ್ನ ಹಿಂದೆ ಬಂದದ್ದಕ್ಕೆ ಬೀಪ್ ಅನ್ನುತ್ತೆ. ಪಕ್ಕದ ಗಾಡಿಯ ಮರೆಯಿಂದ ಓಡಿ ಬರಲಿರುವ ಮಗು ಅದಕ್ಕೆ ಹೇಗೆ ಗೊತ್ತಾಗಬೇಕು?

ಕಾರು ನಿಲ್ಲಿಸಿದ ಮೇಲೆ ರಿವರ್ಸ್ ತಪ್ಪಿದ್ದಲ್ಲ. ಬರುವಾಗಲಾದರೂ ಮಾಡಬೇಕು, ಹೋಗುವಾಗಲಾದರೂ ಮಾಡಬೇಕು. ಬರುವಾಗ ನಾವು ಆ ಜಾಗದ ಮುಂದೆಯೇ ಹಾದು ಹೋಗಿರುತ್ತೇವೆ. ಅದು ಖಾಲಿ ಇದೆ ಅಂತ ಕಣ್ಣಾರೆ ನೋಡಿರುತ್ತೇವೆ. ಎರಡು ಕಡೆ ಕಾರು, ಹಿಂದೆ ಗೋಡೆ. ಅಲ್ಲಿ ದಾರಿಹೋಕರು ಬರುವುದು ಕಡಿಮೆ. ಹೋಗುವಾಗ ಹಾಗಲ್ಲ. ಎರಡು ಗಂಟೆ ಒಳಗಿದ್ದು ಬಂದು, ಹೊರಗೆ ಏನೇನು ಬದಲಾಗಿದೆ ಅಂತ ಗೊತ್ತಿಲ್ಲದೆ, ಜನ ಓಡಾಡುವ ದಾರಿಗೇ ಬೆನ್ನು ಹಾಕಿ ನುಗ್ಗುತ್ತೇವೆ. ಚಿಕ್ಕ ಕಾರಿನಲ್ಲೂ ಡ್ರೈವರ್ ಕಣ್ಣಿನ ಹಿಂದೆ ಸುಮಾರು ಎರಡು ಮೀಟರ್ ಗಾಡಿ ಇರುತ್ತೆ. ಅಷ್ಟೂ ಹೊರಗೆ ಬಂದ ಮೇಲೇ ಅವನಿಗೆ ಆಚೀಚೆ ಕಾಣುವುದು.

ಹಿಂದಕ್ಕೆ ಬಿಡುವುದು ಕಷ್ಟ, ಜಾಗ ಜಾಸ್ತಿ ಬೇಕು ಅನ್ನುವವರಿದ್ದಾರೆ. ಇಕ್ಕಟ್ಟಿನಲ್ಲಿ ನಿಜ ಉಲ್ಟಾ. ಬಸ್ಸು ಕಾರ್ನರ್ ತಿರುಗುವಾಗ ನೋಡಿ, ಮುಂದಿನ ಚಕ್ರ ದೊಡ್ಡ ಸುತ್ತು ಹಾಕುತ್ತೆ, ಹಿಂದಿನ ಚಕ್ರ ಒಳಗೆ ಕತ್ತರಿಸಿಕೊಂಡು ಬಂದು ಫುಟ್‌ಪಾತ್ ಹತ್ತುತ್ತೆ. ಕಾರೂ ಅಷ್ಟೇ. ಮೂತಿ ತೂರಿಸಿದರೆ ಹಿಂದಿನ ಚಕ್ರ ಒಳಗೆಳೆದು ಪಕ್ಕದ ಕಾರಿನ ಬಾಗಿಲು ಸವರುತ್ತೆ. ಅದಕ್ಕೇ ಮೂರು ಸಲ ಹಿಂದೆ ಮುಂದೆ ಮಾಡಿ ಸ್ಟೇರಿಂಗ್ ಜೊತೆ ಗುದ್ದಾಡುವುದು. ಬೆನ್ನು ಮೊದಲು ಹೋದರೆ ಹಿಂದಿನ ಚಕ್ರ ಸೀದಾ ಸಂದಿಯೊಳಗೆ ಕೂರುತ್ತೆ. ತಿರುಗುವ ಮೂತಿಗೆ ಹೊರಗಿನ ಅಗಲವಾದ ದಾರಿ ಸಿಗುತ್ತೆ. ರೂಢಿಯಾದರೆ ಒಂದೇ ಕಟ್.

ರೂಢಿ ಯಾಕಿಲ್ಲ ಅಂದರೆ, ನಮಗೆ ಸರಿಯಾಗಿ ಕಲಿಸಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲೇ ಇದೆ: ಲೈಸೆನ್ಸ್ ಬೇಕಾದವರು ಗಾಡಿಯನ್ನು ಹಿಂದಕ್ಕೆ ಬಿಟ್ಟು, ಎಡಕ್ಕೋ ಬಲಕ್ಕೋ ಇರುವ ಸಣ್ಣ ಸಂದಿಯೊಳಗೆ ಹಿಡಿತ ತಪ್ಪದ ಹಾಗೆ ತೂರಿಸಿ ತೋರಿಸಬೇಕು. ನನ್ನ ಸೊಸೆ ಕಲಿತ ಡ್ರೈವಿಂಗ್ ಸ್ಕೂಲಿನಲ್ಲಿ ಇಡೀ ತಿಂಗಳು ಮುಂದಕ್ಕೆ ಓಡಿಸಿದ್ದೇ ಓಡಿಸಿದ್ದು. ರಿವರ್ಸ್ ಕೊನೇ ಎರಡು ದಿನ. ‘ಇಲ್ಲಿ ಕಂಬ ಕಂಡಾಗ ಒಂದು ಸುತ್ತು ಹೊಡೀರಿ, ಅಲ್ಲಿ ಕಲ್ಲು ಕಂಡಾಗ ವಾಪಸ್ ತಿರುಗಿಸಿ’ ಅಂತ ಗುರುತು ಹೇಳಿಕೊಟ್ಟರಂತೆ. ಆ ಕಂಬ, ಕಲ್ಲು ಬೇರೆ ಊರಲ್ಲಿ ಇರುತ್ತವಾ?

ಛತ್ರದ ವಾಚ್‌ಮನ್‌ಗೆ ಕೇಳಿದೆ, ಈ ಬೋರ್ಡು ಯಾಕಪ್ಪ ಅಂತ. ‘ಹೊಗೆ ಬಡಿದು ಗೋಡೆ ಕಪ್ಪಾಗುತ್ತೆ ಅಂತ ಓನರ್ ಹೇಳಿದ್ದಾರೆ. ಗಿಡಾನೂ ಒಣಗ್ತಾವಂತೆ’ ಅಂದ. ಸುಳ್ಳು ಅನ್ನಲ್ಲ. ಹಳೇ ಡೀಸೆಲ್ ಗಾಡಿ ಗೋಡೆಗೆ ಹೊಗೆ ಉಗುಳಿದ್ದನ್ನು ನಾನೂ ನೋಡಿದ್ದೇನೆ. ಕೆಲವರು ಸೀದಾ ಗೋಡೆಗೇ ತಾಗಿಸಿ ನಿಲ್ಲಿಸುವುದೂ ಉಂಟು. ಅದಕ್ಕೆ ಗೋಡೆಯಿಂದ ನಾಲ್ಕಡಿ ಈಚೆಗೆ, ಚಕ್ರ ತಡೆಯಲು ನೆಲದಲ್ಲಿ ಒಂದು ಸಾಲು ಸಿಮೆಂಟ್ ದಿಂಡು ಹಾಕಿಸಿದರೆ ಆಯಿತು. ಒಂದು ಮದುವೆಯ ಹೂವಿನ ಖರ್ಚೂ ಬೀಳಲ್ಲ.

ಎಲ್ಲ ಕಡೆಯೂ ಹಿಂದಕ್ಕೇ ಬಿಡಿ ಅಂತ ನನ್ನ ಹಟ ಇಲ್ಲ. ರಸ್ತೆ ಬದಿಯಲ್ಲಿ ಓರೆಯಾಗಿ ಗೆರೆ ಎಳೆದು ಮುಂದಕ್ಕೆ ನುಗ್ಗುವ ಹಾಗೆ ಮಾಡಿದ್ದರೆ ಹಾಗೇ ನಿಲ್ಲಿಸಬೇಕು. ಅಲ್ಲಿ ಸಾಹಸ ಮಾಡಲು ಹೋದರೆ ಹಿಂದಿನ ಟ್ರಾಫಿಕ್ಕೆಲ್ಲ ನಿಮ್ಮ ತಲೆ ಮೇಲೆ. ಸಂತೆಗೆ ಹೋಗಿ ಅಕ್ಕಿ ಮೂಟೆ ತರುವವರಿಗೂ ಡಿಕ್ಕಿ ಗೋಡೆ ಕಡೆ ಇದ್ದರೆ ತಾಪತ್ರಯವೇ. ಹಿಂದೆ ಹಾರ್ನ್ ಹೊಡೆಯುವವರ ಕಾಟ ಬೇರೆ. ಇಂಡಿಕೇಟರ್ ಹಾಕಿ, ಕಿಟಕಿಯಿಂದ ಕೈ ತೋರಿಸಿ, ಅರ್ಧ ನಿಮಿಷ ಹೊಡೆದುಕೊಳ್ಳಲಿ ಬಿಡಿ.

ಅಗ್ನಿಶಾಮಕ ಠಾಣೆಯ ಮುಂದೆ ಹೋಗುವಾಗ ಒಮ್ಮೆ ಗಮನಿಸಿ, ಕೆಂಪು ಗಾಡಿಗಳ ಮೂತಿ ರಸ್ತೆ ಕಡೆಗೇ ಇರುತ್ತೆ. ಕರೆ ಬಂದಾಗ ಹಿಂದೆ ಮುಂದೆ ಮಾಡುತ್ತಾ ಕೂರಲು ಅವರಿಗೆ ಪುರುಸೊತ್ತಿಲ್ಲ. ಎಷ್ಟೋ ಕಾರ್ಖಾನೆಗಳ ಗೇಟಿನೊಳಗೂ ರಿವರ್ಸ್ ಪಾರ್ಕಿಂಗ್ ಮಾಡಿ ಅಂತಲೇ ಬೋರ್ಡು ಹಾಕಿರುತ್ತಾರೆ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್‌ನ 201ನೇ ನಿಯಮ, ರಸ್ತೆಯಿಂದ ಮನೆಯಂಗಳಕ್ಕೆ ಕಾರು ಬರುವ ಡ್ರೈವ್‌ವೇಗೂ ಇದನ್ನೇ ಹೇಳುತ್ತೆ: ಆದಷ್ಟೂ ಹಿಂದಕ್ಕೆ ಬಿಟ್ಟು ಒಳಗೆ ಹೋಗಿ, ಮುಂದಕ್ಕೆ ಓಡಿಸಿ ಹೊರಗೆ ಬನ್ನಿ. ಮಕ್ಕಳೇ ತುಂಬಿರುವ ನಮ್ಮ ಮದುವೆ ಛತ್ರದಲ್ಲಿ ಮಾತ್ರ ಯಾಕೆ ಉಲ್ಟಾ ಬೋರ್ಡು?

ಆದ್ದರಿಂದ ಛತ್ರದವರಲ್ಲಿ ನನ್ನ ಬೇಡಿಕೆ ಎರಡೇ. ಆ ಬರಹದ ಮೇಲೆ ಸುಣ್ಣ ಬಳಿಯಿರಿ. ಮತ್ತೆ, ಊಟದ ಪಂಕ್ತಿ ಏಳುವ ಹೊತ್ತಿಗೆ ಪಾರ್ಕಿಂಗ್ ಜಾಗದಲ್ಲಿ ವಿಶಲ್ ಹಿಡಿದ ಒಬ್ಬರನ್ನು ನಿಲ್ಲಿಸಿ. ವಾಚ್‌ಮನ್ ಬರುವಾಗ ನಮ್ಮ ಡಿಕ್ಕಿ ತಟ್ಟುತ್ತಾನೆ, ಹೋಗುವಾಗ ಅವನೂ ಊಟಕ್ಕೆ ಹೋಗಿರುತ್ತಾನೆ. ಅಲ್ಲಿಯವರೆಗೆ ಯಾರಾದರೂ ಕರೆದರೆ ನಾನೇ ಬರುತ್ತೇನೆ. ನನ್ನ ಹಳೇ ವಿಶಲ್ ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇದೆ. ಮೊದಲ ಪಂಕ್ತಿಯಲ್ಲೇ ನನಗೊಂದು ಎಲೆ ಹಾಕಿಸಿದರೆ ಸಾಕು.

— ಒಬ್ಬ ನಿವೃತ್ತ ಕಂಡಕ್ಟರ್, ಹಾಸನ