ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಅನ್‌ಬೌಂಡ್: ಗುಂಪಿಗೆ ಸೂಚನೆ

ಸದಸ್ಯರ ಗಮನಕ್ಕೆ. ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವುದು ಡಿಎನ್‌ಎಸ್; ಒಮ್ಮೆ ಸಿಕ್ಕ ಉತ್ತರಗಳನ್ನು ನೆನಪಿಟ್ಟುಕೊಳ್ಳುವ ಡಿಎನ್‌ಎಸ್ ಕ್ಯಾಶ್ ಲ್ಯಾಪ್‌ಟಾಪ್‌ನಲ್ಲೇ ಇರಲಿ ಅನ್ನುವವರು ಅನ್‌ಬೌಂಡ್ ಎಂಬ ಡಿಎನ್‌ಎಸ್ ಸರ್ವರ್ ತಂತ್ರಾಂಶ ಹಾಕಿಕೊಳ್ಳಿ. ಇನ್‌ಸ್ಟಾಲ್ ಮಾಡುವುದು ಸುಲಭ: "ಸುಡೊ ಆಪ್ಟ್ ಇನ್‌ಸ್ಟಾಲ್ ಅನ್‌ಬೌಂಡ್", ಅಷ್ಟೇ. ಅದು 127.0.0.1ರ (ಲ್ಯಾಪ್‌ಟಾಪ್ ತನ್ನನ್ನೇ ಕರೆಯುವ ವಿಳಾಸ) 53ನೇ ಪೋರ್ಟ್‌ನಲ್ಲಿ, ಅಂದರೆ ಡಿಎನ್‌ಎಸ್‌ನ ಪೋರ್ಟ್‌ನಲ್ಲಿ, ಕೂರುತ್ತದೆ. ಉಬುಂಟುವಿನಲ್ಲಿ ಮೊದಲೇ ಇರುವ ಡಿಎನ್‌ಎಸ್ ಸೇವೆ ಸಿಸ್ಟಮ್‌ಡಿ-ರಿಸಾಲ್ವ್‌ಡ್ ಇರುವುದು 127.0.0.53ರಲ್ಲಿ, ಹಾಗಾಗಿ ಜಗಳವಿಲ್ಲ. ಅನ್‌ಬೌಂಡ್ ಸೆಟ್ಟಿಂಗ್‌ನಲ್ಲಿ ಇಂಟರ್‌ಫೇಸ್ 0.0.0.0 (ಎಲ್ಲ ವಿಳಾಸಗಳೂ) ಅಂತ ಕೊಟ್ಟರೆ ಮಾತ್ರ "ಪೋರ್ಟ್ ಬಳಕೆಯಲ್ಲಿದೆ" ಎಂಬ ಎರರ್ ಬರುತ್ತದೆ. ಕೊಡಬೇಡಿ, ಲ್ಯಾಪ್‌ಟಾಪ್‌ಗೆ ಅದರ ಅಗತ್ಯವೂ ಇಲ್ಲ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ವೈಫೈ ಸೆಟ್ಟಿಂಗ್‌ನ ಐಪಿವಿ4 ಪುಟದಲ್ಲಿ ಡಿಎನ್‌ಎಸ್‌ನ "ಆಟೋಮ್ಯಾಟಿಕ್" ಆಫ್ ಮಾಡಿ 127.0.0.1 ಬರೆಯಿರಿ. ಐಪಿವಿ6 ಪುಟದಲ್ಲೂ ಆಟೋಮ್ಯಾಟಿಕ್ ಆಫ್ ಆಗಬೇಕು. ಇಲ್ಲವಾದರೆ ರೌಟರ್ ಕೊಟ್ಟ ಐಪಿವಿ6 ಡಿಎನ್‌ಎಸ್ ಸದ್ದಿಲ್ಲದೆ ಬಳಕೆಯಾಗುತ್ತಿರುತ್ತದೆ. ಈ ಸೆಟ್ಟಿಂಗ್ ಆ ಒಂದು ವೈಫೈಗೆ ಮಾತ್ರ. ಡಿಎನ್‌ಎಸ್ ವಿಳಾಸ ಇರುವ ರಿಸಾಲ್ವ್.ಕಾನ್ಫ್ ಫೈಲನ್ನು ಕೈಯಾರೆ ತಿದ್ದಿದರೆ ಮತ್ತೆ ಅಳಿಸಿಹೋಗುತ್ತದೆ.

ಕನೆಕ್ಷನ್ ಆಫ್-ಆನ್ ಮಾಡಿ, ಡಿಎನ್‌ಎಸ್ ಪರೀಕ್ಷಿಸುವ ಡಿಗ್ ಕಮಾಂಡ್‌ನಲ್ಲಿ 127.0.0.1 ಅನ್ನೇ ಸರ್ವರ್ ಆಗಿ ಕೊಟ್ಟು ಒಂದೇ ಹೆಸರನ್ನು ಎರಡು ಸಲ ಕೇಳಿ. ಎರಡನೇ ಸಲ ಕ್ವೆರಿ ಟೈಮ್ 0 ಮಿಲಿಸೆಕೆಂಡ್ ಆಸುಪಾಸಿಗೆ ಇಳಿದರೆ ಕ್ಯಾಶ್ ಕೆಲಸ ಮಾಡುತ್ತಿದೆ.

ಎಲ್ಲ ಹೆಸರಿಗೂ ಸರ್ವ್‌ಫೇಲ್ (ಉತ್ತರ ಕೊಡಲಾಗಲಿಲ್ಲ ಎಂಬ ಎರರ್) ಬಂದರೆ ಮೊದಲು ಗಡಿಯಾರ ನೋಡಿ: ತಾರೀಖು ತಪ್ಪಿದ್ದರೆ ಡಿಎನ್‌ಎಸ್‌ಸೆಕ್ ಸಹಿಗಳು (ಉತ್ತರ ಅಸಲಿಯೇ ಎಂದು ಖಚಿತಪಡಿಸುವ ಡಿಜಿಟಲ್ ಸಹಿಗಳು) ಅವಧಿ ಮೀರಿದಂತೆ ಅಥವಾ ಇನ್ನೂ ಶುರುವಾಗದಂತೆ ಕಾಣುತ್ತವೆ. ಹೋಟೆಲ್, ವಿಮಾನ ನಿಲ್ದಾಣಗಳ ವೈಫೈನಲ್ಲಿ ಲಾಗಿನ್ ಪುಟ ತೆರೆಯದಿದ್ದರೆ ಆಟೋಮ್ಯಾಟಿಕ್‌ಗೆ ಮರಳಿ. ಆಫೀಸ್ ವಿಪಿಎನ್‌ನ ಒಳಗಿನ ಹೆಸರುಗಳು ಸಿಗದಿದ್ದರೆ ಅನ್‌ಬೌಂಡ್ ಸೆಟ್ಟಿಂಗ್‌ನಲ್ಲಿ ಆ ಡೊಮೇನ್‌ಗೆ ಫಾರ್ವರ್ಡ್-ಜೋನ್ (ಅದರ ಪ್ರಶ್ನೆಗಳನ್ನು ಬೇರೆ ಸರ್ವರ್‌ಗೆ ಕಳಿಸುವ ಸಾಲುಗಳು) ಸೇರಿಸಿ, ಆಫೀಸಿನ ಡಿಎನ್‌ಎಸ್ ವಿಳಾಸ ಕೊಡಿ. ಅನ್‌ಬೌಂಡ್ ಕ್ಯಾಶ್‌ನ ಮೆಮೊರಿ ಲೆಕ್ಕಗಳನ್ನು ಮುಟ್ಟಬೇಡಿ, ಒಬ್ಬರ ಬಳಕೆಗೆ ಇರುವಷ್ಟೇ ಧಾರಾಳ.