ನಿಂಗೂ ಹಾಗೇ ಅನ್ಸುತ್ತಾ?

ಶಿಡ್ಲಘಟ್ಟ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಭಾನುವಾರ ಫೋನಿನಲ್ಲಿ ದನಿ ತಗ್ಗಿಸಿ, "ಮಗು ಅತ್ತರೂ ನನಗೇನೂ ಅನ್ನಿಸಲ್ಲ ದೊಡ್ಡಮ್ಮ, ನಾನು ಕೆಟ್ಟ ತಾಯೇನೋ" ಅಂದೆ. ಅಷ್ಟರಲ್ಲಿ ನಿಮ್ಮಮ್ಮ ಕೋಣೆಗೆ ಬಂದಳು, ನೀನು ಮಾತು ಬದಲಿಸಿದೆ. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಹತ್ತಿಲ್ಲ.

ನೀನು ಕೆಟ್ಟ ತಾಯಿಯಲ್ಲ ಕಂದ. 1994ರಲ್ಲಿ ನಿಮ್ಮಣ್ಣ ಹುಟ್ಟಿದಾಗ ನನಗೂ ಹೀಗೇ ಆಗಿತ್ತು. ಮನೆಯಲ್ಲಿ ಸಾಕಿದ್ದ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡೋ ಕೊನೆಯ ನಿದ್ದೆಯಿಂದ, ಎದ್ದಿದ್ದವು. ಎಲ್ಲರಿಗೂ ಸೊಪ್ಪು ತರೋದು, ಹಾಕೋದು, ಹಗಲೂ ರಾತ್ರಿ ಅದೇ ಕೆಲಸ. ಹುಳುವಿಗೆ ಆಗಲ್ಲ ಅಂತ ನನಗೆ ಸಾಂಬ್ರಾಣಿ ಹೊಗೆಯನ್ನೂ ಹಾಕಲಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡು ಒಳಕೋಣೆಯಲ್ಲಿ ಒಬ್ಬಳೇ ಕೂತು, ಪಕ್ಕದಲ್ಲಿ ಹುಳು ಸೊಪ್ಪು ತಿನ್ನೋ ಸರಸರ ಸದ್ದು ಕೇಳುತ್ತಿದ್ದೆ. ಕಣ್ಣೀರು ತಾನಾಗಿ ಇಳಿಯುತ್ತಿತ್ತು. "ಬಾಣಂತಿ ಅಳಬಾರದು, ಹಾಲು ಬತ್ತುತ್ತೆ" ಅಂತ ನಿಮ್ಮಜ್ಜಿ ಗದರಿದರು. ಒರೆಸಿಕೊಂಡು ಸುಮ್ಮನಾದೆ.

ಒಂದೂವರೆ ತಿಂಗಳಿಗೆ ಇಂಜೆಕ್ಷನ್ ಹಾಕಿಸೋಕೆ ಅಂಗನವಾಡಿಗೆ ಹೋದೆ. ಜಗಲಿಯಲ್ಲಿ ಹಿಂದಿನ ಬೀದಿಯವಳೊಬ್ಬಳಿದ್ದಳು, ಅವಳ ಮಗಳು ಹುಟ್ಟಿದ್ದೂ ಅದೇ ವಾರ. ಮಗುವನ್ನು ಮಡಿಲಲ್ಲಿ ತೂಗುತ್ತಾ, ನನ್ನ ಮುಖ ನೋಡದೆ, "ರಾತ್ರಿ ಎಲ್ಲಾದರೂ ಹೊರಟುಹೋಗೋಣ ಅಂತ ನಿಂಗೂ ಅನ್ಸುತ್ತಾ?" ಅಂದಳು. "ಅನ್ಸುತ್ತೆ" ಅಂದೆ. ಅಷ್ಟೇ ಆಡಿದ್ದು. ಎದೆ ಮೇಲಿನ ಕಲ್ಲು ಯಾರೋ ಅರ್ಧ ಎತ್ತಿದ ಹಾಗಾಯಿತು. ಎರಡೂವರೆ ತಿಂಗಳ ಇಂಜೆಕ್ಷನ್‌ಗೆ ಮತ್ತೆ ಸಿಕ್ಕಳು, ಮೂರೂವರೆಗೂ ಸಿಕ್ಕಳು. ಆಮೇಲೆ ನಾವೇ ಸಂಜೆ ಹೊತ್ತು ಅವಳ ಹಿತ್ತಲಲ್ಲಿ ಕೂರೋಕೆ ಶುರು ಮಾಡಿದೆವು. ನಿಮ್ಮಜ್ಜಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಆಕೆ ಹೆತ್ತು ಇಪ್ಪತ್ತು ವರ್ಷವಾಗಿತ್ತು, ಮರೆತಿದ್ದರು. ಇವಳಿಗೆ ನಾನು ಏನನ್ನೂ ಬಿಡಿಸಿ ಹೇಳಬೇಕಿರಲಿಲ್ಲ.

ಬರುವ ವಾರ ನಿನ್ನ ಮಗುವಿಗೂ ಒಂದೂವರೆ ತಿಂಗಳು, ಇಂಜೆಕ್ಷನ್ ಹಾಕಿಸೋಕೆ ಹೋಗುತ್ತೀಯಲ್ಲ. ತಾಯಿ ಕಾರ್ಡ್ ಹಿಡಿದು ಅಲ್ಲಿ ಕೂತಿರೋರಲ್ಲಿ ಯಾರ ಕಣ್ಣು ಸೋತಿದೆ ನೋಡು. ಮೊದಲ ಮಾತು ನೀನೇ ಆಡು. ಮನೆಗೆ ಬರೋ ಆಶಾ ಕಾರ್ಯಕರ್ತೆಗೂ ಮಗುವಿನ ತೂಕದ ಜೊತೆಗೆ ನಿನ್ನ ಮನಸ್ಸಿನ ಸಂಗತಿ ಹೇಳು.

ಇನ್ನೊಂದು ಮಾತು, ಇದನ್ನು ತಳ್ಳಿಹಾಕಬೇಡ. ಹೆತ್ತ ಎರಡು ಮೂರು ದಿನಕ್ಕೆ ಬರೋ ಅಳು ಬಹಳ ಹೆಂಗಸರಿಗೆ ಎರಡು ವಾರದೊಳಗೆ ತಾನಾಗಿ ಇಳಿಯುತ್ತೆ. ನಿನಗೆ ಐದು ವಾರವಾದರೂ ಇಳಿದಿಲ್ಲ. ಹಾಗಾದರೆ ಗೆಳತಿಯ ಜೊತೆಗೆ ಡಾಕ್ಟರೂ ಬೇಕು. ಹಾಲು ಕುಡಿಸುತ್ತಲೇ ತಗೊಳ್ಳಬಹುದಾದ ಮಾತ್ರೆಗಳಿವೆ, ಅವರೇ ನೋಡಿ ಕೊಡುತ್ತಾರೆ. ಮಧ್ಯರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡು. ಅದು ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಇರೋ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್ ಅಂತ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿಗೋ ನಿನಗೋ ಏನಾದರೂ ಮಾಡಿಬಿಡೋಣ ಅನ್ನಿಸಿದರೆ, ಇಲ್ಲದ ದನಿ ಕೇಳಿಸಿದರೆ, ಬೆಳಗಾಗಲಿ ಅಂತ ಕಾಯಬೇಡ, ಆಗಲೇ ಎಲ್ಲರನ್ನೂ ಎಬ್ಬಿಸು, ಆಸ್ಪತ್ರೆಗೆ ಹೊರಡಿ. ನಮ್ಮ ಕಡೆ ಬಾಣಂತಿ ಸನ್ನಿ ಅನ್ನೋದು ಇದನ್ನೇ. ದೃಷ್ಟಿ ತೆಗೆದರೆ ಹೋಗೋದಲ್ಲ ಇದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಜೊತೆಯಲ್ಲೇ ಇರಿಸಿಕೊಂಡು ನೋಡುತ್ತಾರೆ.

ಶುಕ್ರವಾರ ಬೆಳಗಿನ ಚಿಂತಾಮಣಿ ಬಸ್ಸಿಗೆ ಬರುತ್ತೇನೆ. ನಿಮ್ಮಮ್ಮನಿಗೆ ಹೇಳೋದು ನನಗೆ ಬಿಡು. ಅಳಿಯಂದಿರಿಗೂ ಫೋನ್ ಮಾಡುತ್ತೇನೆ, ಅವರೂ ಹೆದರಿದ್ದಾರೆ ಅಂತ ನನಗೆ ಗೊತ್ತು. ಆ ರಾತ್ರಿ ಮಗು ನನ್ನ ಪಕ್ಕ ಮಲಗಲಿ. ಹಾಲಿಗೆ ಮಾತ್ರ ಎಬ್ಬಿಸುತ್ತೇನೆ, ಮಿಕ್ಕ ಹೊತ್ತು ನೀನು ನಿದ್ದೆ ಮಾಡು.

ನಿನ್ನ
ದೊಡ್ಡಮ್ಮ