ಅಂಬೇಡ್ಕರ್ ಇದ್ದ ಮನೆಯನ್ನೂ ನೋಡಿ ಬನ್ನಿ

ಮಾನ್ಯರೇ,

ಲಂಡನ್‌ಗೆ ಹೋಗುವ ನಮ್ಮವರು ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಅಂಬೇಡ್ಕರ್ ಇದ್ದ ಮನೆಯನ್ನು ಮಾತ್ರ ಮರೆಯುತ್ತಾರೆ. ಪ್ರಿಮ್‌ರೋಸ್ ಹಿಲ್ ಬಳಿ, ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆ ಅದು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದುವಾಗ, 1921–22ರಲ್ಲಿ, ಅವರು ಅಲ್ಲಿದ್ದರು.

ನಾಲ್ಕು ಅಂತಸ್ತಿನ ಹಳೇ ಇಟ್ಟಿಗೆ ಮನೆ. ಅಗಲ ಕಡಿಮೆ, ಎತ್ತರ ಜಾಸ್ತಿ. ನಮ್ಮ ಪೇಟೆ ಬೀದಿಯ ಮನೆಗಳ ಹಾಗೇ ಅಲ್ವಾ? ತೊಟ್ಟಿಯೊಂದಿಲ್ಲ, ಅಷ್ಟೇ. ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಅದನ್ನು ಕೊಂಡು ಸ್ಮಾರಕ ಮಾಡಿತು. ಬಸವಣ್ಣನ ಪ್ರತಿಮೆ ಮತ್ತು ಈ ಮನೆ ಎರಡೂ ಉದ್ಘಾಟನೆಯಾದದ್ದು ಒಂದೇ ದಿನ, 2015ರ ನವೆಂಬರ್ 14ರಂದು.

ಪ್ರವಾಸ ಏರ್ಪಡಿಸುವವರು ಎರಡನ್ನೂ ಒಂದೇ ದಿನದ ಪಟ್ಟಿಗೆ ಸೇರಿಸಲಿ. ಮನೆಯ ಕಥೆ ಹೇಳುವ ಪುಟ್ಟ ಕನ್ನಡ ಕೈಪಿಡಿಯನ್ನು ನಮ್ಮ ಸಂಸ್ಕೃತಿ ಇಲಾಖೆ ಅಚ್ಚು ಹಾಕಿಸಲಿ.

– ಓದುಗ, ಮೈಸೂರು